ಹೂ ಬತ್ತು!

"ಅಯ್ಯೋ, ಚಿವುಟ್ಬೇಡಿ! ಅದು ಕಲ್ಲಲ್ಲ!"

ವಿನಯಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಸಾಗರದ ತನ್ನ ಪುಟ್ಟ ನರ್ಸರಿಗೆ ಯಾರೋ ಕುಂಡದ ತುಂಬ ಕಲ್ಲು ಹೊತ್ತು ತಂದಿದ್ದಾರೆಂದು ಅವಳಿಗೆ ನಗು ಬಂದಿತ್ತು. ಆದರೆ ನಡುವಿನ ಆ ಜೋಡಿ ಕಲ್ಲು... ಎಲೆಗಳು! ಜೀವ ಇರುವ ಎಲೆಗಳು! ಫೋನಿನಲ್ಲಷ್ಟೇ ನೋಡಿದ್ದ ಕಲ್ಲುಗಿಡ!

"ಬೀಜದಿಂದ ಬೆಳೆಸಿದ್ದು. ನಾಲ್ಕು ವರ್ಷ ಆಯ್ತು," ಎಂದ ಸುರೇಂದ್ರ. ಮೇಳಿಗೆಯ ಗೌಡರ ಮನೆಯವನು, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಎಂಜಿನಿಯರ್. "ನಮ್ ಕ್ವಾರ್ಟರ್ಸ್ ತೇವಕ್ಕೆ ಕೊಳೆತು ಹೋಗುತ್ತೆ. ನಿಮ್ಮ ಪ್ಲಾಸ್ಟಿಕ್ ಮಾಡಿನ ಕೆಳಗೆ ಇಟ್ಕೊಳ್ತೀರಾ?"

ಅಷ್ಟು ನೀರು ಕಾಯುವವನು ನೀರೇ ಬೇಡದ ಗಿಡ ಸಾಕಿದ್ದಾನಲ್ಲ!

ಪ್ರತಿ ಭಾನುವಾರ ಬಂದ. ಹಳೆಯ ಎಲೆ ಸುಕ್ಕುಗಟ್ಟುತ್ತ ತನ್ನ ನೀರನ್ನೆಲ್ಲ ಹೊಸ ಎಲೆಗೆ ಉಣಿಸುವುದನ್ನು ಇಬ್ಬರೂ ಬಗ್ಗಿ ಕೂತು ನೋಡಿದರು.

"ಇದು ಹೂ ಬಿಟ್ಟ ದಿನ ನಿಮ್ಮನ್ನ ಒಂದು ಮಾತು ಕೇಳ್ಬೇಕು. ಫೋಟೊ ಕಳಿಸ್ಬೇಡಿ, ಕಣ್ಣಾರೆ ನೋಡ್ತೀನಿ," ಎಂದಿದ್ದ. ಯಾವ ಮಾತೆಂದು ಅವಳಿಗೆ ಗೊತ್ತಿಲ್ಲವೇ?

ಕಾರ್ತಿಕದ ಒಂದು ಬೆಳಗ್ಗೆ ಎಲೆಗಳ ಸೀಳಿನಲ್ಲಿ ಹಳದಿ ಮೊಗ್ಗಿನ ತುದಿ! ಆ ಸಂಭ್ರಮದಲ್ಲಿ ಮನೆಮಾತಿನಲ್ಲೇ ಮೆಸೇಜು ಹೋಯಿತು: "ಹೂ ಬತ್ತು!"

ಉತ್ತರ ಬಂದದ್ದು ಸಂಜೆ. "ಇರ್ಲಿ ಬಿಡಿ. ನಂಗೆ ಅರ್ಥ ಆಯ್ತು. ಇನ್ನು ತೊಂದ್ರೆ ಕೊಡಲ್ಲ."

ಆ ಭಾನುವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಹಾಗಾದರೆ... ನಾನು ಅಂದುಕೊಂಡದ್ದೆಲ್ಲ ಸುಳ್ಳಾ? ಅತ್ತು ಅತ್ತು ಕಣ್ಣು ಊದಿಕೊಂಡವು. ಆಮೇಲೆ ಸಿಟ್ಟು ಬಂತು. ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಲಿಂಗನಮಕ್ಕಿಗೆ ಬಸ್ಸು ಹತ್ತಿಯೇ ಬಿಟ್ಟಳು.

"ತಗೊಳ್ಳಿ ನಿಮ್ಮ ಗಿಡ! ಹೂವಿನ ಸುದ್ದಿ ಹೇಳಿದ್ರೆ ಮುಖ ತಪ್ಪಿಸ್ಕೊಂಡ್ರಲ್ಲ!"

ಸುರೇಂದ್ರ ಕುಂಡ ನೋಡಿ ತಬ್ಬಿಬ್ಬಾದ. "ಚೆನ್ನಾಗೇ ಇದ್ಯಲ್ಲ! ನೀವೇ ಬತ್ತು ಅಂದ್ರಿ... ಒಣಗಿ ಹೋಯ್ತು, ಇನ್ನೇನೂ ಕೇಳ್ಬೇಡಿ ಅಂತಿದೀರ ಅಂದ್ಕೊಂಡೆ."

"ಅಯ್ಯೋ ದೇವ್ರೇ! ನಮ್ಮನೆ ಮಾತಲ್ಲಿ ಬತ್ತು ಅಂದ್ರೆ ಬರ್ತಾ ಇದೆ ಅಂತ ಮಾರಾಯ್ರೇ!"

ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಅಲ್ಲೇ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಮಧ್ಯಾಹ್ನದ ಬಿಸಿಲು ಕುಂಡದ ಮೇಲೆ ಬಿತ್ತು. ಮೊಗ್ಗು ಮೆಲ್ಲಗೆ ಸಡಿಲಾಯಿತು. ಒಂದು ಎಸಳು... ಇನ್ನೊಂದು... ಎಷ್ಟು ಹೊತ್ತು ನೋಡಿದರೋ! ಗಿಡವೇ ಮರೆಯಾಗುವಷ್ಟು ದೊಡ್ಡ ಹೂ! ಇಷ್ಟು ಪುಟ್ಟ ಜೀವದೊಳಗೆ ಇದು ಎಲ್ಲಿ ಅಡಗಿತ್ತು?

"ವಿನಯಾ... ನನ್ನನ್ನ ಮದ್ವೆ ಆಗ್ತೀರಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ಜಾತಿ ಬೇರೆ, ನಿಮ್ಮ ಅಪ್ಪಯ್ಯ ಒಪ್ತಾರಾ? ನಂಗೆ ಹೆದ್ರಿಕೆ," ಎಂದ ಸುರೇಂದ್ರ.

"ನಂಗೂ ಹೆದ್ರಿಕೆನೇ," ಎನ್ನುತ್ತ ಅವನ ಕೈ ಹಿಡಿದಳು. "ಆದ್ರೂ ಮೊದ್ಲು ಬಾಯಿ ಬಿಡೋದು ನಾನು. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು."