ಶೀತಕೇತುವಿನ ನಾಯಿಗಳು

ಬಹಳ ಬಹಳ ಹಿಂದೆ, ಬಡಗಣ ದಿಕ್ಕಿನ ತುತ್ತತುದಿಯಲ್ಲಿ ಬಿಳಿನಾಡು ಎಂಬ ರಾಜ್ಯವಿತ್ತು. ಅಲ್ಲಿ ಎತ್ತಿಲ್ಲ, ಕುದುರೆಯಿಲ್ಲ. ಗಾಲಿಯಿಲ್ಲದ ಹಿಮಬಂಡಿಗಳನ್ನು ನಾಯಿಗಳೇ ಎಳೆಯುತ್ತಿದ್ದವು. ಆ ನಾಡಿನ ಮೇಲೆ ಶೀತಕೇತು ಎಂಬ ಮಾಂತ್ರಿಕನ ಕಣ್ಣು ಬಿದ್ದಿತು. ವರ್ಷಕ್ಕೊಬ್ಬರು ತನ್ನೊಡನೆ ಕರಿಬಂಡೆಯವರೆಗೆ ಬಂಡಿಯೋಟಕ್ಕೆ ಬರಬೇಕು, ಇಲ್ಲವಾದರೆ ನಾಡನ್ನೇ ಹೆಪ್ಪುಗಟ್ಟಿಸುತ್ತೇನೆ ಎಂದ. ಸೋತವರನ್ನು ನಾಯಿಯಾಗಿಸಿ ತನ್ನ ಬಂಡಿಗೆ ಕಟ್ಟಿಕೊಳ್ಳುತ್ತಿದ್ದ. ಗೆದ್ದರೆ ಅವರನ್ನೆಲ್ಲ ಬಿಟ್ಟುಬಿಡುತ್ತೇನೆ ಎಂದಿದ್ದ. ಆದರೆ ಗೆದ್ದವರ ಸುದ್ದಿ ಕೇಳಬೇಡಿ, ಒಬ್ಬರೂ ಇರಲಿಲ್ಲ.

ಹಿಂದಿನ ವರ್ಷ ಸೋತವನು ಬಂಡಿಕಾರ ಮಾರಧೀರ. ಈ ಸಲ ಅವನ ಮಗಳು ತುಹಿನೆ ಹೊರಟು ನಿಂತಳು.

"ಬೇಡ ಮಗಳೇ, ನಿನ್ನ ತಾಯಿಗೆ ಉಳಿದಿರುವವಳು ನೀನೊಬ್ಬಳೇ" ಎಂದ ರಾಜ.

"ಅಪ್ಪನ ಕೊರಳಿಗೆ ಹಗ್ಗ ಬಿದ್ದಿದೆ ಪ್ರಭು. ನಾನು ಬೆಚ್ಚಗೆ ಹೇಗೆ ಕೂರಲಿ?"

ಹಾಗೆಂದವಳು ಹೆದರುತ್ತಲೇ ತನ್ನ ನಾಯಿಗಳನ್ನು ಬಂಡಿಗೆ ಕಟ್ಟಿದಳು.

ಓಟ ಶುರುವಾಯಿತು. ಮೊದಲು ಸಿಕ್ಕಿದ್ದು ಕಣ್ಣಿಲ್ಲದ ತೋಳಗಳ ಕಾಡು. ಅವು ಹೆದರಿದವರ ಬೆವರಿನ ವಾಸನೆ ಹಿಡಿದು ಬರುತ್ತಿದ್ದವು. ತುಹಿನೆಗೆ ಜೀವ ಬಾಯಿಗೆ ಬಂದಿತ್ತು. ನಾಯಿಗಳ ಪಾದಕ್ಕೆ ಹಚ್ಚಲು ತಂದಿದ್ದ ಮೀನಿನ ಕೊಬ್ಬನ್ನು ಮೈಗೆಲ್ಲ ಬಳಿದುಕೊಂಡಳು. ತೋಳಗಳು ಮೂಸಿ ಮೂಸಿ ಗೊಂದಲಗೊಂಡು ಹಿಂದುಳಿದವು.

ಆಮೇಲೆ ಒಂದು ಗುಡಿಸಲು. "ಒಳಗೆ ಬಾ ಮಗಾ, ಮೈ ಕಾಯಿಸಿಕೋ" ಎಂದಳು ಬಾಗಿಲಲ್ಲಿ ನಿಂತ ಮುದುಕಿ. ಆಸೆಯೇನೋ ಆಯಿತು. ಆದರೆ ನಾಯಿಗಳ ಬೆರಳ ಸಂದಿನ ಮಂಜು ಕೀಳದೆ ಬಿಳಿನಾಡಿನ ಬಂಡಿಕಾರರು ಎಲ್ಲಿಯೂ ಒಳಹೋಗುವುದಿಲ್ಲ. ಬಗ್ಗಿ ಮಂಜು ಕೀಳುತ್ತಿದ್ದವಳು ಹೊಸ್ತಿಲು ನೋಡಿದಳು. ಒಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಹೊಸ್ತಿಲ ಮೇಲಿನ ಮಂಜು ಒಂದು ಹನಿಯೂ ಕರಗಿರಲಿಲ್ಲ. ಅದು ಮಾಂತ್ರಿಕನ ಬೆಂಕಿ, ಕಾಯಿಸದೆ ಕೊಲ್ಲುವ ಬೆಂಕಿ. ಅವಳು ಹಿಂದಿರುಗಿ ನೋಡದೆ ಬಂಡಿ ಬಿಟ್ಟಳು.

ಕೊನೆಗೆ ಹೆಪ್ಪುಗಟ್ಟಿದ ಸರೋವರ. ಆಚೆ ದಡದಲ್ಲೇ ಕರಿಬಂಡೆ. ಎರಡು ಬಂಡಿಗಳೂ ಜೋಡಿಯಾಗಿ ಓಡುತ್ತಿರುವಾಗ ತುಹಿನೆಯ ಮುಂದಾಳು ನಾಯಿ ಕೆಂಚಿ ಇದ್ದಕ್ಕಿದ್ದಂತೆ ಕುಳಿತುಬಿಟ್ಟಿತು.

ಮುಂದಾಳು ಕುಳಿತರೆ ಕೆಳಗಿನ ಮಂಜು ತೆಳು ಎಂದರ್ಥ. ಆಗ ಬಂಡಿಕಾರ ಬಾಯಿ ಬಿಡುವಂತಿಲ್ಲ, ಬಂಡಿಯಿಂದ ಇಳಿಯುವಂತಿಲ್ಲ. ಶೀತಕೇತು ನಗುತ್ತ ಮುಂದೆ ಹೋದ. ಒಂದು ಸಲ "ಹೋಗೇ ಕೆಂಚಿ" ಅಂದಿದ್ದರೆ ಅದು ಓಡುತ್ತಿತ್ತು, ಸಾಯುವುದಕ್ಕೂ ಓಡುತ್ತಿತ್ತು. ಅಪ್ಪ ಕೈತಪ್ಪಿ ಹೋಗುತ್ತಿದ್ದಾನೆ ಎಂದು ತುಹಿನೆಗೆ ಗೊತ್ತಿತ್ತು. ಆದರೂ ಅವಳು ತುಟಿ ಕಚ್ಚಿ ಕುಳಿತಳು.

ಆಗ ಮಾಂತ್ರಿಕನ ಮುಂದಾಳು, ಒಂದು ಬೂದು ನಾಯಿ, ಅದೂ ಕುಳಿತಿತು. ಅದರ ಹಿಂದೆ ಎಲ್ಲ ನಾಯಿಗಳೂ ಕುಳಿತವು. ಅವರೆಲ್ಲ ಬಿಳಿನಾಡಿನ ಬಂಡಿಕಾರರೇ ತಾನೆ.

"ಏಳು, ದರಿದ್ರದ್ದೇ" ಎಂದು ಶೀತಕೇತು ಚಾಟಿ ಹಿಡಿದು ಬಂಡಿಯಿಂದ ಇಳಿದ. ಮಂಜು ಚಟಚಟನೆ ಬಿರಿಯಿತು. ಅವನು ಕಪ್ಪು ನೀರಿಗೆ ಬಿದ್ದ, ಬಂಡಿಯೂ ಜಾರಿತು, ಕಟ್ಟಿದ್ದ ನಾಯಿಗಳನ್ನೂ ಎಳೆಯತೊಡಗಿತು. ತುಹಿನೆ ಹಗ್ಗದ ಒಂದು ತುದಿಯನ್ನು ತನ್ನ ಬಂಡಿಗೆ ಬಿಗಿದು, ಹೊಟ್ಟೆಯ ಮೇಲೆ ತೆವಳುತ್ತ ಹೋದಳು. ಇನ್ನೊಂದು ತುದಿಯನ್ನು ಬೂದು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿ, ಚಾಕುವಿನಿಂದ ಮಾಂತ್ರಿಕನ ಬಂಡಿಯ ಹಗ್ಗ ಕೊಯ್ದಳು. ಬಂಡಿ ಅವನ ಮೇಲೆಯೇ ಮುಳುಗಿತು. ಕೆಂಚಿ ತನ್ನ ಗುಂಪಿನೊಡನೆ ಹಿಂದಕ್ಕೆ ತಿರುಗಿ ಎಳೆಯಿತು.

ನೀರು ಮತ್ತೆ ಹೆಪ್ಪುಗಟ್ಟಿತು, ಮಾಂತ್ರಿಕನೊಡನೆ ಅವನ ಮಾಟವೂ ಮುಗಿಯಿತು. ಗಟ್ಟಿ ಮಂಜಿನ ಮೇಲೆ ನಾಯಿಗಳಿದ್ದ ಕಡೆ ಮನುಷ್ಯರು ನಡುಗುತ್ತ ಕೂತಿದ್ದರು. ಮುಂದಿದ್ದವನು ಮಾರಧೀರ. ತುಹಿನೆ ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತಳು.

ಅಂದಿನಿಂದ ಬಿಳಿನಾಡಿನವರು ಹೆದರಿಕೆಯಿಲ್ಲದೆ ಉಂಡರು, ಮಲಗಿದರು, ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದರು. ಮಾರಧೀರ ಮಾತ್ರ ಬದುಕಿರುವವರೆಗೆ ನಾಯಿಗಳ ಕೊರಳಪಟ್ಟಿ ಕಟ್ಟುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಎಲ್ಲಿ ಒತ್ತುತ್ತದೆ ಎಂಬುದು ಅವನಿಗೆ ಗೊತ್ತಿತ್ತು.