ಇದ್ದಿಲ ಗೆರೆಯ ಹಸೆ

ಗೋಡೆ ಮತ್ತೆ ಬದಲಾಗಿತ್ತು.

ನಿಂಗರಾಜು ಬ್ರೇಕ್ ಒತ್ತಿದ. ಹುಣಸೂರಿನಿಂದ ಮಡಿಕೇರಿಗೆ ಹೊರಟಿದ್ದ ಬಸ್ಸು ನಿಟ್ಟುಸಿರು ಬಿಟ್ಟು ನಿಂತಿತು. ಪಿರಿಯಾಪಟ್ಟಣಕ್ಕೆ ಇನ್ನೂ ಒಂದು ಏರು ದಾಟಬೇಕು. ರಸ್ತೆ ಬದಿಯ ಆ ಒಂಟಿ ಮನೆ ಮಳೆಗಾಲವಿಡೀ ತೆಂಗಿನಗರಿಯ ತಟ್ಟಿ ಹೊದ್ದು ಮಲಗಿತ್ತು. ಈಗ ತಟ್ಟಿ ಸರಿದು, ಹಸಿ ಕೆಮ್ಮಣ್ಣಿನ ಮೇಲೆ ಹುಚ್ಚೆಳ್ಳು ಹೂಗಳು ಸಾಲುಸಾಲಾಗಿ ಹಳದಿ ಉರಿಯುತ್ತಿದ್ದವು. ಹೊಲವೇ ಎದ್ದು ಬಂದು ಗೋಡೆಗೆ ಒರಗಿದಂತಿತ್ತು.

ಯುಗಾದಿಯಲ್ಲಿ ಇದೇ ಗೋಡೆ ಸುಣ್ಣದ ಚುಕ್ಕಿಗಳಿಂದ ಆಕಾಶವಾಗಿತ್ತು. ಅಂದಿನಿಂದ ಅವನಿಗೆ ಈ ರಸ್ತೆಯಲ್ಲಿ ಇರುವುದು ಎರಡೇ ಭಾಗ. ಮನೆ ಬರುವ ಮೊದಲು, ಮನೆ ದಾಟಿದ ಮೇಲೆ.

"ರಾಜಣ್ಣಾ, ಇಂಜಿನ್ ತಣ್ಣಗೈತೆ," ಎಂದ ಜಾನ್ ಪಾಷಾ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಅದರ ಬೆನ್ನಿಗೆ ಕಟ್ಟಿದ ಒಲೆಗೆ ಇದ್ದಿಲು ಹಾಕುವುದು ಪಾಷಾನ ಕೆಲಸ. "ಕುದೀತಿರೋದು ಬೇರೆ ಏನೋ."

"ನೀರು ಬೇಕು ಅಂದ್ರೆ ಬೇಕು ಕಣೋ."

ಹಿಂದಿನ ಸೀಟುಗಳಲ್ಲಿ ನಗು ಎದ್ದಿತು. ಅವನು ಡಬ್ಬ ಹಿಡಿದು ಇಳಿದ.

ಆ ಮನೆಯ ಮಗಳು ಚಿಕ್ಕಸಿದ್ದಮ್ಮ ಜಗಲಿಯ ಮೇಲೆ ನಿಂತು ಕೊನೆಯ ಸಾಲಿನ ಹೂ ಅಂಟಿಸುತ್ತಿದ್ದಳು. ಮೊಣಕೈವರೆಗೆ ಕೆಮ್ಮಣ್ಣು. ಬೆವರು ಒರೆಸಿಕೊಂಡಲ್ಲಿ, ಹಣೆಯ ಮೇಲೂ ಒಂದು ಕೆಂಪು ಗುರುತು.

"ನಿಮ್ ಬಸ್ಸಿಗೆ ಇದೆಂಥಾ ದಾವ? ನಮ್ಮೆಮ್ಮೆನೂ ಇಷ್ಟು ಕುಡಿಯಕಿಲ್ಲ."

"ಅದಕ್ಕೆ ನಿಮ್ಮ ಬಾವಿ ನೀರೇ ಆಗಬೇಕಂತೆ ಕಣ್ರೀ."

"ನನ್ನ ಯಾರೂ ರೀ ಅನ್ನಕಿಲ್ಲ." ಕಣ್ಣು ಗೋಡೆಯ ಮೇಲೇ ಇತ್ತು; ತುಟಿಯ ತುದಿ ಮಾತ್ರ ಇತ್ತ ತಿರುಗಿತು. "ಕೆಂಪೈತೆ, ಬಿಳೀದೈತೆ, ಅಳದೀನೂ ಆಯ್ತು. ಕಪ್ಪೊಂದು ಸಿಕ್ನಿಲ್ಲ ನೋಡಿ."

ಅವನು ಓಡಿದ. ಬಸ್ಸಿನ ಚೀಲದಿಂದ ಇದ್ದಿಲು ಬಾಚಿ ತಂದು ಅವಳ ಬೊಗಸೆಗೆ ಸುರಿದ. "ಅಯ್ಯೋ, ಗಾಡಿ ಊಟ!" ಎಂದು ಪಾಷಾ ಕೂಗಿದ. ನಿಂಗರಾಜುವಿಗೆ ಕೇಳಿಸಲಿಲ್ಲ. ಕೆಂಪು ಕೈಗಳಲ್ಲಿ ಕಪ್ಪು ಇದ್ದಿಲು. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಮಾತು ತಾನಾಗಿ ಹೊರಬಂತು.

"ನಮ್ಮನೇಲಿ ಒಂದು ಹಸೆ ಬರೀಬೇಕು. ನೀವೇ ಬರೀಬೇಕು."

ಮದುವೆಯ ದಿನ ಗಂಡುಹೆಣ್ಣು ಕೂರುವ ನೆಲದ ಚಿತ್ತಾರ. ಇನ್ನೇನು ಬಿಡಿಸಿ ಹೇಳಬೇಕು ಎಂದುಕೊಂಡ.

ಬೊಗಸೆ ಸಡಿಲಿತು. ಇದ್ದಿಲು ಜಗಲಿಯ ತುಂಬ ಉರುಳಿತು. ಅವಳು ಒಳಗೆ ಹೋದಳು.

ಮರುದಿನ ಗೋಡೆ ಬರೀ ಸಗಣಿ ಸಾರಿಸಿಕೊಂಡು ನಿಂತಿತ್ತು. ಅದರ ಮರುದಿನವೂ ಹಾಗೇ. ಅವನು ನೀರಿನ ನೆವವಿಲ್ಲದೆ ಇಳಿದ.

ಜಗಲಿಯಲ್ಲಿ ಅವಳ ಅಪ್ಪ ಸಣ್ಣಬೀರಯ್ಯ ಹಗ್ಗ ಹೊಸೆಯುತ್ತಿದ್ದ. "ಮದ್ವೆ ಮಾಡ್ಕಳಿ ಸ್ವಾಮಿ, ಬ್ಯಾಡ ಅಂದೋರ್ಯಾರು? ಅಸೆ ಬರಿಯಾಕೆ ನನ್ ಮಗಳನ್ನ್ಯಾಕೆ ಕೇಳಿದ್ರಿ? ಎಳೇ ಕೂಸಿದ್ದಾಗ ಅಸೆ ಮ್ಯಾಲೆ ಕೂತೋಳು. ಗಂಡನ ಮೊಕ ನೆಪ್ಪಾಗೋ ಮುಂಚೆ ಅವನು ಸತ್ತೋದ. ಅಂಥೋಳು ಅಸೆ ಮುಟ್ಟಂಗಿಲ್ಲ. ನಿಮಗೆ ಕಾಣ್ನಿಲ್ವಾ?"

ಕಂಡಿರಲಿಲ್ಲ. ಬಳೆಯಿಲ್ಲದ ಕೈ ಕಂಡಿದ್ದ. ಮಣ್ಣಿನ ಕೆಲಸಕ್ಕೆ ಬಿಚ್ಚಿಟ್ಟಿದ್ದಾಳೆ ಎಂದುಕೊಂಡಿದ್ದ. ತಾಳಿಯಿಲ್ಲದ ಕೊರಳು ಕಂಡು, ಮದುವೆಯೇ ಆಗಿಲ್ಲವೆಂದು ಹಿಗ್ಗಿದ್ದ.

"ಬೇರೆ ಹೆಣ್ಣಿಗಲ್ಲ ಅಯ್ಯಾ." ನಿಂಗರಾಜು ಜಗಲಿಗೆ ಹತ್ತಿರ ಬಂದ. "ಆ ಹಸೆ ಮೇಲೆ ನನ್ನ ಪಕ್ಕ ಕೂರೋದೂ ಅವರೇ ಅಂತ ಕೇಳಿದ್ದು."

ಹಗ್ಗ ಹೊಸೆಯುವ ಕೈ ನಿಂತಿತು. "ನೀವೂ ನಮ್ ಕುಲದೋರೇ. ಗಂಡ ಸತ್ತೋರಿಗೆ ಕೂಡಾವಳಿ ಐತೆ, ಮಾಡ್ಕಂಡು ಕರ್ಕಂಡೋಗಿ. ಒಂದು ಸೀರೆ ಕೊಟ್ರಾಯ್ತು. ಎರಡನೇ ಸಲಕ್ಕೆ ಅಸೆ ಇಲ್ಲ, ವಾಲಗ ಇಲ್ಲ."

"ನನಗೆ ಹಸೆ ಬೇಕು. ಅವರು ಬರೆದದ್ದೇ ಬೇಕು."

ಬಾಗಿಲ ಹಿಂದಿನಿಂದ ದನಿ ಬಂತು. "ನಾ ಬರೆದು, ನಿಮಗೇನಾರ ಆದ್ರೆ?"

"ದಿನಾ ಬೆಂಕಿ ಬೆನ್ನಿಗೆ ಕಟ್ಕೊಂಡು ಬೆಟ್ಟ ಹತ್ತೋನು ನಾನು. ನಿಮ್ಮ ಸುಣ್ಣ ನನ್ನ ಏನು ಮಾಡುತ್ತೆ?"

ಮತ್ತೆ ಅದೇ ದನಿ, "ಅಣೇಲಿ ಕುಂಕುಮ ಇರ್ನಿಲ್ಲ. ಅದೂ ಕಾಣ್ನಿಲ್ವಾ?"

"ಕೆಮ್ಮಣ್ಣಿತ್ತಲ್ಲ!"

ಒಳಗೆ ನಗು ತುಳುಕಿತು. ತಡೆಯಲು ನೋಡಿ ಸೋತ ನಗು. ಆಮೇಲೆ ಮೆಲ್ಲಗೆ, "ಮುತ್ತುಗ ಅರಳ್ಲಿ. ಯೋಳ್ತೀನಿ."

ರಾಗಿ ಕೊಯ್ಲಿಗೆ ಗೋಡೆಯ ಮೇಲೆ ತೆನೆಯ ಜಡೆಗಳು ಇಳಿಬಿದ್ದವು. ಸಂಕ್ರಾಂತಿಗೆ ಬಾಗಿಲ ಮೇಲೆ ಅಣ್ಣೆ ಹೂವಿನ ಗೊಂಚಲು. ಅವನು ಬಸ್ಸು ನಿಧಾನ ಮಾಡುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ನೋಡುತ್ತಿದ್ದ, ಅಷ್ಟೆ. ಪಾಷಾ ಕೂಡ ತಮಾಷೆ ಬಿಟ್ಟಿದ್ದ.

ಫಾಲ್ಗುಣದಲ್ಲಿ ಮುತ್ತುಗ ಹೊತ್ತಿಕೊಂಡಿತು. ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಡದಂಥ ಹೂ. ಆದರೆ ಗೋಡೆ ಬರಿದಾಗಿತ್ತು. ಒಂದು ಚುಕ್ಕಿಯೂ ಇಲ್ಲ.

ಬೇಡವೆಂದೇ ಅರ್ಥ ಎಂದುಕೊಂಡ ನಿಂಗರಾಜು. ಆದರೂ ಇಳಿದ.

"ಒಳೀಕೆ ಬನ್ನಿ," ಎಂದ ಸಣ್ಣಬೀರಯ್ಯ.

ಬಿಸಿಲಿನಿಂದ ಬಂದವನಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ನೆಲ ಕಂಡಿತು. ವರ್ಷವಿಡೀ ಗೋಡೆಯ ಮೇಲೆ ಬಂದುಹೋದದ್ದೆಲ್ಲ ಕೆಳಗಿಳಿದು ಕಾಯುತ್ತಿತ್ತು. ಕೆಮ್ಮಣ್ಣಿನ ನೆಲ, ಸುಣ್ಣದ ಬಳ್ಳಿ, ಒಂದು ಅಂಚಿಗೆ ರಾಗಿ ತೆನೆ, ಒಣಗಿಯೂ ಹಳದಿ ಬಿಡದ ಹುಚ್ಚೆಳ್ಳು, ಮೂಲೆಗಳಲ್ಲಿ ಆಗಷ್ಟೇ ಕಿತ್ತ ಮುತ್ತುಗ. ನಡುವೆ ಇಬ್ಬರು ಕೂರುವಷ್ಟು ಜಾಗ. ಅದರ ಸುತ್ತ ಇದ್ದಿಲ ಕಪ್ಪು ಗೆರೆ, ಎಲ್ಲೂ ತುಂಡಾಗದೆ.

ಇಷ್ಟು ಕಾಲ ತಾನು ಕಿಟಕಿಯಿಂದ ನೋಡಿದ್ದು ಇದರ ಅಂಚನ್ನು ಮಾತ್ರ ಎಂದು ಅವನಿಗೆ ಅನ್ನಿಸಿತು.

"ಕೈ ನಡುಗ್ತದೆ ಅಂದ್ಕಂಡಿದ್ದೆ," ಎಂದಳು ಚಿಕ್ಕಸಿದ್ದಮ್ಮ. ಕಂಬದ ಪಕ್ಕ ನಿಂತಿದ್ದಳು, ಕೈ ತುಂಬ ಕಪ್ಪು. "ನಡುಗ್ನಿಲ್ಲ. ನಿಮ್ಮನೆ ನಡುಮನೆ ಎಷ್ಟಗಲ ಐತೆ?"

"ಇದಕ್ಕಿಂತ ಚಿಕ್ಕದು."

"ಒಸಿ ಕಿರಿದು ಮಾಡಿ ಬರೀತೀನಿ ಬುಡಿ." ಈಗ ಅವನನ್ನೇ ನೋಡಿದಳು. "ನಂಗೂ ಅಸೆ ಬೇಕು."

ಆ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವನಿಗೆ 'ಆಸೆ' ಎಂದೇ ಕೇಳಿಸಿತು. ಯಾವುದೆಂದು ಕೇಳಲಿಲ್ಲ.

ಅಂಚಿನಲ್ಲಿ ನಿಂತೇ ಇದ್ದ. ಕಾಲಿಡಲು ಮನಸ್ಸಾಗಲಿಲ್ಲ.

"ಕೂರಾಕೆ ಅಂತ್ಲೇ ಬರ್ದಿರಾದು," ಎಂದು ಅವಳು ಕಪ್ಪು ಕೈ ನೀಡಿದಳು.

ಹೊರಗೆ ತಾಳ್ಮೆ ಮುಗಿದ ಜಾನ್ ಪಾಷಾ ಹಾರನ್ನಿನ ರಬ್ಬರ್ ಗುಂಡು ಒತ್ತಿದ. ಒತ್ತಿದ, ಮತ್ತೆ ಒತ್ತಿದ.

"ತಗಳಪ್ಪ," ಎಂದ ಸಣ್ಣಬೀರಯ್ಯ, ಕಣ್ಣೊರೆಸಿಕೊಂಡು. "ವಾಲಗಾನೂ ಬಂತು."