ನಾಲ್ಕನೇ ಮೂಲೆಯ ಫುಲ

“ನಿಮ್ಮವ್ವನ ಈ ಫುಲ ಒಂದ ಚಾಕುವಿನ ಮ್ಯಾಲ ಕೆತ್ತತೇನಿ, ಕ್ರಿಸ್ತಿನಾ. ನಮ್ಮ ಮದುವಿಗೆ. ಮತ್ಯಾರ ಕೈಗೂ ಕೊಡಂಗಿಲ್ಲ!”

ಅವ್ವನನ್ನು ಮಣ್ಣು ಮಾಡಿ ಬಂದ ದಿನ ಮಾನ್ವೆಲ್ ಅವಳ ಕೈಹಿಡಿದು ಹೇಳಿದ್ದ ಮಾತದು.

ಹಳೆ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೊಲಿಯುವ ಹೂವೇ ಫುಲ. ಫುಲ ಇಲ್ಲದ ಕೌದಿ ಬೋಳು ಎನ್ನುತ್ತಾರೆ ಸಿದ್ದಿ ಹೆಂಗಸರು. ಅವ್ವನ ಫುಲಕ್ಕೆ ಐದು ಮೊನೆ. ಹಳಿಯಾಳದ ಅವರ ಕೇರಿಯಲ್ಲಿ ಹಾಗೆ ಮಡಚುವವರು ಬೇರೆ ಯಾರೂ ಇರಲಿಲ್ಲ.

ಮದುವೆಗೆ ಇನ್ನೊಂದು ವಾರವಿತ್ತು.

ದಾಂಡೇಲಿಯ ರೆಸಾರ್ಟಿನಲ್ಲಿ ಅಡುಗೆ ಮಾಡುವ ಕ್ರಿಸ್ತಿನಾ ಆ ದಿನ ಅತಿಥಿಯೊಬ್ಬನಿಗೆ ಊಟ ಬಡಿಸುತ್ತಿದ್ದಳು. ಅವನು ಸೊಂಟದಿಂದ ಚಾಕು ತೆಗೆದು ಮಾವಿನಹಣ್ಣು ಹೆಚ್ಚತೊಡಗಿದ.

ಚಾಕುವಿನ ಅಲಗಿನ ಮೇಲೆ... ಐದು ಮೊನೆಯ ಹೂವು!

“ಛಲೋ ಐತಲ್ಲ?” ಅವನು ನಕ್ಕ. “ಇಲ್ಲೇ ಒಬ್ಬ ಸಿದ್ದಿ ಹುಡುಗ ಮಾಡಿಕೊಟ್ಟ.”

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೊರಬಂದಳು.

ಅಂದೇ ಬಸ್ಸು ಹತ್ತಿ ಮಾನ್ವೆಲ್‌ನ ಕುಲುಮೆಗೆ ಹೋದಳು.

“ಏ ಮಾರಾಯಾ, ನಮ್ಮವ್ವನ್ನ ಮಾರಿದಿ?”

ಮಾನ್ವೆಲ್ ಚಾಕು ಉಜ್ಜುತ್ತಿದ್ದ ಅರ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ. ಮೂಲೆಯ ಡಬ್ಬಿ ಎಳೆದು ಅವಳ ಮುಂದೆ ಸುರುವಿದ. ಎಲ್ಲ ಚಾಕುಗಳ ಮೇಲೂ ಫುಲ... ಎಲ್ಲವೂ ಸೀಳಿದ್ದವು.

“ಉಕ್ಕು ಮೆತ್ತಗಿದ್ದಾಗ ಉಳಿ ಹಿಡಿದು ಕೆತ್ತಬೇಕು. ಆಮ್ಯಾಲ ಕೆಂಪಗ ಕಾಸಿ ಎಣ್ಯಾಗ ಅದ್ದಬೇಕು, ಆಗ ಗಟ್ಟಿ ಆಗ್ತೈತಿ. ನಿಮ್ಮವ್ವನ ಮೊನಿ ಬಾಳ ಚೂಪು. ಅದ್ದಿದ ಕೂಡ್ಲೆ ಮೊನಿಯಿಂದನ ಬಿರುಕು!”

“ಮತ್ತ ಅವನ ಚಾಕು?”

“ಅದರಾಗ ಮೊನಿ ದುಂಡ ಮಾಡಿದ್ದೆ. ಒಡೀಲಿಲ್ಲ.” ಅವನು ತಲೆ ತಗ್ಗಿಸಿದ. “ಅವ ಬಾಳ ಹೊಗಳಿದ, ಕೊಟ್ಟಬಿಟ್ಟೆ. ದುಂಡ ಐತಿ, ಇದು ಅತ್ತಿ ಫುಲ ಅಲ್ಲ... ಅಂತ ನನಗ ನಾನ ಹೇಳಿಕೊಂಡೆ.”

“ನನಗ ಒಂದ ನೋಟಕ್ಕ ಗುರ್ತು ಸಿಕ್ತು. ನಿನಗ ಸಿಗಲಿಲ್ಲೇನು?”

ಅವನು ಸೀಳಿದ ಚಾಕುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

‘ಬಿಟ್ಟು ಹೋಗಲೇ?’ ಮನಸ್ಸು ಕೇಳಿತು. ಅವನ ಬೆರಳುಗಳ ತುಂಬ ಉಳಿ ಜಾರಿದ ಗಾಯ. ಆ ಗಾಯಗಳೂ ಸುಳ್ಳಲ್ಲ... ಅದೇ ಅವಳ ಸಂಕಟ!

ಸೀಳಿದ ಚಾಕುವೊಂದನ್ನು ಎತ್ತಿಕೊಂಡಳು. ಮೊನೆಗಳು ಚೂಪಾಗಿದ್ದವು, ಅವ್ವ ಮಡಚಿದ ಹಾಗೆಯೇ.

“ಅದು ಏನೂ ಕೊಯ್ಯಂಗಿಲ್ಲ, ಕ್ರಿಸ್ತಿನಾ.”

“ದಾರ ಕೊಯ್ದರ ಸಾಕು.” ಕಣ್ಣೊರೆಸಿಕೊಂಡಳು. “ಮದುವಿ ಕೌದಿಗೆ ಮೂರ ಮೂಲಿಗೆ ಫುಲ ಹಾಕತೇನಿ. ನಾಲ್ಕನೇದು ಬೋಳು.”

“ಮಂದಿ ಕೇಳ್ತಾರ...”

“ಕೇಳಲಿ. ಯಾಕ ಬೋಳು ಅಂತ ನೀನ ಹೇಳು.”

“ಆ ಬೋಳು ಮೂಲಿ ಯಾರ ಕಡೆ ಬರ್ತೈತಿ?”

“ನಿನ್ನ ಕಡೆ. ಚಳಿ ಆದರ... ನನ್ನ ಕಡೆ ಸರಿ.”

ಮುಂದಿನ ವಾರ ಅವರ ಮದುವೆಯಾಯಿತು. ಮಾನ್ವೆಲ್ ಕೊಟ್ಟ ಮಾತು ಮಾತ್ರ ಮುರಿದಿತ್ತು.